ಪ್ರಶ್ನೋತ್ತರ: ರಜೆಯ ಸಿನಿಮಾದ ಮೂಕ ನಟರು

ವರ್ಷಾಂತ್ಯದ ರಜೆಯಲ್ಲಿ ಮನೆಮಂದಿಯೆಲ್ಲ ಕೂಡಿ ನೋಡುವ, ಮನುಷ್ಯ ಮತ್ತು ಪ್ರಾಣಿಯ ನಂಟನ್ನು ಕುರಿತ ಚಿತ್ರಗಳ ಬಗ್ಗೆ ಕಳೆದ ಸಂಚಿಕೆಯ ಈ ಅಂಕಣದಲ್ಲಿ ನಾಲ್ಕು ಮಾತು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರಗಳು ಬಂದಾವೆಂದು ಎಣಿಸಿರಲಿಲ್ಲ. ಕೆಲವರು ತಮ್ಮ ಮನೆಯ ನಾಯಿಯ ಗುಣಗಾನಕ್ಕೇ ಮೂರು ಪುಟ ಮೀಸಲಿಟ್ಟಿದ್ದಾರೆ. ಅವನ್ನು ಸಂತೋಷದಿಂದ ಓದಿದ್ದೇನೆ; ಆದರೆ ಅವುಗಳಲ್ಲಿ ಪ್ರಶ್ನೆಯೇ ಇಲ್ಲದ್ದರಿಂದ ಉತ್ತರಿಸುವ ಪ್ರಮೇಯ ಬರಲಿಲ್ಲ. ಉಳಿದ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಈ ಚಿತ್ರಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ಒಂಟಿ ಮನುಷ್ಯ, ಬೀದಿಪಾಲಾದ ನಾಯಿ, ಮೊದಲು ಜಗಳ, ಆಮೇಲೆ ಅಗಲಿಕೆ, ಕ್ರಿಸ್‌ಮಸ್ ರಾತ್ರಿ ಪುನರ್ಮಿಲನ. ಮೊದಲ ಹತ್ತು ನಿಮಿಷದಲ್ಲೇ ಕೊನೆ ಗೊತ್ತಾಗಿಬಿಡುತ್ತದೆ. ಆದರೂ ಕಣ್ಣು ಒದ್ದೆಯಾಗುತ್ತದೆ. ಇದು ನನ್ನ ದೌರ್ಬಲ್ಯವೋ, ಸಿನಿಮಾದವರ ಜಾಣತನವೋ?

ಉತ್ತರ: ಸಿನಿಮಾದವರ ಜಾಣತನ ಇದ್ದೇ ಇದೆ. ಆದರೆ ನಿಮ್ಮೊಳಗೆ ಮೊದಲೇ ಇರುವ ಒಂದು ಗುಣದ ಬಲವಿಲ್ಲದೆ ಆ ಜಾಣತನ ನಡೆಯುವುದಿಲ್ಲ. ಸುಮಾರು ನೂರು ವರ್ಷಗಳ ಹಿಂದೆ ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೊವ್ ಒಂದು ಸರಳ ಪ್ರಯೋಗ ಮಾಡಿದರು. ಯಾವ ಭಾವವನ್ನೂ ತೋರದ ಒಬ್ಬ ನಟನ ಮುಖದ ಒಂದೇ ಶಾಟನ್ನು ಒಮ್ಮೆ ಸೂಪಿನ ಬಟ್ಟಲಿನ ಚಿತ್ರಕ್ಕೆ, ಇನ್ನೊಮ್ಮೆ ಶವಪೆಟ್ಟಿಗೆಯ ಚಿತ್ರಕ್ಕೆ ಜೋಡಿಸಿದಾಗ, ಪ್ರೇಕ್ಷಕರು ಮೊದಲನೆಯದರಲ್ಲಿ ಹಸಿವನ್ನೂ ಎರಡನೆಯದರಲ್ಲಿ ದುಃಖವನ್ನೂ ಕಂಡು ನಟನ ಪ್ರತಿಭೆಯನ್ನು ಹೊಗಳಿದರಂತೆ. ಪ್ರಾಣಿಚಿತ್ರಗಳ ಇಡೀ ವ್ಯವಹಾರ ನಿಂತಿರುವುದು ಈ ತತ್ತ್ವದ ಮೇಲೆ. ಮುಚ್ಚಿದ ಬಾಗಿಲನ್ನು ತೋರಿಸಿ, ಮರುಕ್ಷಣವೇ ನಾಯಿಯ ಮುಖವನ್ನು ತೋರಿಸಿದರೆ, ಅದು ಯಜಮಾನನ ದಾರಿ ಕಾಯುತ್ತಿದೆಯೆಂದೇ ನಾವು ಓದಿಕೊಳ್ಳುತ್ತೇವೆ. ಚಿತ್ರೀಕರಣದ ಹೊತ್ತಿನಲ್ಲಿ ಅದು ದಿಟ್ಟಿಸುತ್ತಿದ್ದದ್ದು ಕ್ಯಾಮೆರಾದ ಹಿಂದೆ ನಿಂತ ತರಬೇತುದಾರನ ಕೈಯ ಚೆಂಡನ್ನು.

ಹಾಗೆಂದು ನೀವು ಕಂಡದ್ದೆಲ್ಲ ಭ್ರಮೆಯೆಂದು ತೀರ್ಮಾನಿಸುವುದೂ ತಪ್ಪಾದೀತು. ನಾಯಿಗಳ ಮತ್ತು ತೋಳಗಳ ಮುಖದ ಸ್ನಾಯುಗಳನ್ನು ಹೋಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಹುಬ್ಬಿನ ಒಳತುದಿಯನ್ನು ಮೇಲಕ್ಕೆತ್ತುವ ಒಂದು ಪುಟ್ಟ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ. ತೋಳಗಳಲ್ಲಿ ಅದರ ಎಳೆಗಳು ಅಲ್ಪಸ್ವಲ್ಪ ಮಾತ್ರ ಇವೆ. ಕಣ್ಣು ದೊಡ್ಡದಾಗಿ, ಪಾಪದ ಮುಖ ಮಾಡಿದಂತೆ ಕಾಣುವುದು ಆ ಸ್ನಾಯುವಿನಿಂದ. ಸಾವಿರಾರು ವರ್ಷ ನಮ್ಮ ಜೊತೆ ಬಾಳಿದ ನಾಯಿಗೆ ನಾವು ಕೊಟ್ಟ ಆಸ್ತಿ ಅದು ಎನ್ನಬಹುದು. ನಾಯಿ ಮತ್ತು ಅದರ ಯಜಮಾನ ಪರಸ್ಪರ ಕಣ್ಣಲ್ಲಿ ಕಣ್ಣಿಟ್ಟು ನೋಡಿದಷ್ಟೂ ಇಬ್ಬರಲ್ಲೂ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೆಚ್ಚುತ್ತದೆಂದು ಜಪಾನಿನ ಸಂಶೋಧಕರು 2015ರಲ್ಲಿ ತೋರಿಸಿದರು. ತಾಯಿ ಮತ್ತು ಕೂಸಿನ ನಡುವಿನ ಬೆಸುಗೆಯಲ್ಲೂ ಕೆಲಸ ಮಾಡುವುದು ಇದೇ ಹಾರ್ಮೋನು. ಮನುಷ್ಯರೇ ಕೈಯಾರೆ ಸಾಕಿದ ತೋಳಗಳಲ್ಲಿ ಈ ಪರಿಣಾಮ ಕಾಣಲಿಲ್ಲ.

ಇನ್ನು ಕೊನೆ ಮೊದಲೇ ಗೊತ್ತಿರುವ ಮಾತು. ಕೊಟ್ಟ ಮಾತಿಗೆ ತಪ್ಪದ ಹಸುವಿನ ಕಥೆಯನ್ನು ಎಷ್ಟು ಸಲ ಕೇಳಿಲ್ಲ ನಾವು? ಹುಲಿ ಕೊನೆಗೆ ಏನು ಮಾಡುತ್ತದೆಂದು ಗೊತ್ತಿದ್ದೂ, ಹಸು ಕರುವಿನ ಮುಂದೆ ಬಂದು ನಿಂತಾಗ ಗಂಟಲು ಕಟ್ಟುವುದು ತಪ್ಪಿಲ್ಲ. ಇಂಥ ಕಥೆಗಳಿಂದ ನಾವು ಬಯಸುವುದು ಕುತೂಹಲವನ್ನಲ್ಲವಾದ್ದರಿಂದ ನಿಮ್ಮ ಕಣ್ಣೀರಿನ ಬಗ್ಗೆ ನಾಚಿಕೆ ಬೇಡ.

ಪ್ರಶ್ನೆ: ತೆರೆಯ ಮೇಲಿನ ನಾಯಿ ನಿಜವಾಗಿ ನಟಿಸುತ್ತದೆಯೇ? ಹುಡುಗ ಮನೆಗೆ ಮರಳಿದಾಗ ಅದು ಓಡಿಬಂದು ಮುಖ ನೆಕ್ಕುವುದನ್ನು ನೋಡಿದರೆ ಅವರಿಬ್ಬರ ನಡುವೆ ಪ್ರೀತಿಯಿಲ್ಲವೆಂದು ನಂಬುವುದಾದರೂ ಹೇಗೆ?

ಉತ್ತರ: ಪ್ರೀತಿ ಇದೆ; ಆದರೆ ಬಹಳ ಸಲ ಅದರ ವಿಳಾಸ ಬೇರೆ. ನೀವು ಹೇಳಿದ ದೃಶ್ಯವನ್ನೇ ಬಿಡಿಸಿ ನೋಡೋಣ. ತೆರೆಯ ಮೇಲೆ ಅದು ಐದಾರು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಸೆಟ್ಟಿನಲ್ಲಿ ಇಬ್ಬರು ತರಬೇತುದಾರರು ಬೇಕಾಗುತ್ತಾರೆ: ಒಬ್ಬರು ನಾಯಿಯನ್ನು ಚೌಕಟ್ಟಿನ ಆಚೆ ಹಿಡಿದುಕೊಂಡಿರುತ್ತಾರೆ, ಇನ್ನೊಬ್ಬರು ಬಾಲನಟನ ಬೆನ್ನ ಹಿಂದೆ, ಕ್ಯಾಮೆರಾಕ್ಕೆ ಕಾಣದಂತೆ ಕುಕ್ಕರಗಾಲಿನಲ್ಲಿ ಕುಳಿತಿರುತ್ತಾರೆ. ನಾಯಿ ಎಲ್ಲಿ ಬಂದು ನಿಲ್ಲಬೇಕೋ ಅಲ್ಲಿ ನೆಲದ ಮೇಲೆ ಒಂದು ಗುರುತು, ಬಹುತೇಕ ಒಂದು ಚಿಕ್ಕ ಬಟ್ಟೆಯ ತುಂಡು, ಇಟ್ಟಿರುತ್ತಾರೆ. ಅದರ ಮೇಲೆ ಕಾಲಿಟ್ಟರೆ ತಿನಿಸು ಸಿಗುತ್ತದೆಂದು ನಾಯಿಗೆ ವಾರಗಟ್ಟಲೆ ರೂಢಿ ಮಾಡಿಸಿರುತ್ತಾರೆ. ಹುಡುಗನ ಕೆನ್ನೆಗೆ ಹಸುಗೂಸುಗಳಿಗೆಂದು ಮಾರುವ ಮಾಂಸದ ನುಣ್ಣನೆಯ ಪೇಸ್ಟನ್ನು ತೆಳ್ಳಗೆ ಸವರುತ್ತಾರೆ. ಹಿಂದೆ ಕುಳಿತವರು ಕರೆದಾಗ ನಾಯಿ ಓಡುತ್ತದೆ, ಗುರುತಿನ ಮೇಲೆ ನಿಲ್ಲುತ್ತದೆ, ಮೂಗಿಗೆ ವಾಸನೆ ಬಡಿಯುತ್ತದೆ, ಕೆನ್ನೆಯನ್ನು ಚೆನ್ನಾಗಿ ನೆಕ್ಕುತ್ತದೆ. ಕರೆದವರ ದನಿಯನ್ನು ಆಮೇಲೆ ಅಳಿಸಿ, ಅಲ್ಲಿ ಪಿಟೀಲು ತುಂಬುತ್ತಾರೆ.

ಸಿಟ್ಟಿನ ದೃಶ್ಯಗಳು ಇದಕ್ಕಿಂತ ತಮಾಷೆಯವು. ಕಳ್ಳನ ಮೇಲೆ ಎರಗುವ ನಾಯಿ ನಿಜಕ್ಕೂ ಬಟ್ಟೆ ಎಳೆದಾಡುವ ಆಟವಾಡುತ್ತಿರುತ್ತದೆ. ಬಾಲ ಆನಂದದಿಂದ ಬೀಸುತ್ತಿರುವುದರಿಂದ ಕ್ಯಾಮೆರಾದವರು ಹಿಂಭಾಗವನ್ನು ಚೌಕಟ್ಟಿನ ಹೊರಗಿಡಬೇಕಾಗುತ್ತದೆ. ಗುರುಗುಟ್ಟುವ ಸದ್ದು ಡಬ್ಬಿಂಗ್ ಕೋಣೆಯ ಕೊಡುಗೆ.

ಒಂದೇ ನಾಯಿ ಇಡೀ ಚಿತ್ರವನ್ನು ಹೊತ್ತಿದೆಯೆಂಬುದೂ ಸಾಮಾನ್ಯವಾಗಿ ನಿಜವಲ್ಲ. 2008ರ ಕ್ರಿಸ್‌ಮಸ್ ದಿನವೇ ಅಮೆರಿಕದಲ್ಲಿ ಬಿಡುಗಡೆಯಾದ 'ಮಾರ್ಲಿ ಆ್ಯಂಡ್ ಮಿ' ಚಿತ್ರದ ಒಂದೇ ಒಂದು ಲ್ಯಾಬ್ರಡಾರ್ ಪಾತ್ರವನ್ನು ಮರಿಯಿಂದ ಮುಪ್ಪಿನವರೆಗೆ ಸೇರಿ 22 ನಾಯಿಗಳು ನಿರ್ವಹಿಸಿದವು. 1995ರ 'ಬೇಬ್' ಚಿತ್ರದ ಹಂದಿಮರಿಗೆ 48 ಮರಿಗಳು ಬೇಕಾದವು, ಏಕೆಂದರೆ ಹಂದಿಮರಿ ಬೆಳೆಯುವ ವೇಗಕ್ಕೆ ಚಿತ್ರೀಕರಣದ ವೇಗ ಸಾಲುವುದಿಲ್ಲ. ಜೊತೆಗೆ ಯಂತ್ರದ ಬೊಂಬೆಯೂ ಇತ್ತು. ಓಡುವುದಕ್ಕೆ ಒಂದು, ಸುಮ್ಮನೆ ಮಲಗುವುದಕ್ಕೆ ಇನ್ನೊಂದು, ಕ್ಲೋಸ್-ಅಪ್‌ಗೆ ಮತ್ತೊಂದು ಎಂದು ಪ್ರಾಣಿಗಳಿಗೆ ಅವುಗಳ ಸ್ವಭಾವ ನೋಡಿ ಕೆಲಸ ಹಂಚುತ್ತಾರೆ.

ಇಷ್ಟೆಲ್ಲ ತಿಳಿದ ಮೇಲೆ ನನಗೆ ಆ ದೃಶ್ಯಗಳ ಮೇಲಿನ ಮೋಹ ಕಡಿಮೆಯಾಗಿಲ್ಲ, ಬೇರೆಯಾಗಿದೆ. ನಾಯಿ ಓಡಿಬರುವಾಗ ಅದರ ಕಣ್ಣು ಎತ್ತ ನೆಟ್ಟಿದೆಯೆಂದು ಗಮನಿಸುತ್ತೇನೆ. ನಟನ ಭುಜದಾಚೆ, ನಮಗೆ ಕಾಣದ ಒಬ್ಬ ವ್ಯಕ್ತಿಯ ಕಡೆ ಅದು ನೋಡುತ್ತಿರುತ್ತದೆ. ಆ ನೋಟದಲ್ಲಿರುವ ವಿಶ್ವಾಸ ಅಪ್ಪಟವಾದದ್ದು, ಚಿತ್ರ ಅದನ್ನು ಕಡ ತಂದಿರುತ್ತದೆ ಅಷ್ಟೆ.

ಪ್ರಶ್ನೆ: ಯಾವಾಗಲೂ ನಾಯಿಯೇ ಏಕೆ? ನಮ್ಮಂಥ ಬೆಕ್ಕಿನ ಪಕ್ಷದವರಿಗೆ ರಜೆಯ ಚಿತ್ರವೇ ಇಲ್ಲವೇ?

ಉತ್ತರ: ಇದೆ, ಅದೂ ವಿಶೇಷವಾದದ್ದು. ಲಂಡನ್ನಿನಲ್ಲಿ ಮಾದಕವ್ಯಸನದಿಂದ ಹೊರಬರಲು ಹೆಣಗುತ್ತಿದ್ದ ಬೀದಿ ಗಾಯಕ ಜೇಮ್ಸ್ ಬೋವೆನ್ ಅವರಿಗೆ 2007ರಲ್ಲಿ ಗಾಯಗೊಂಡ ಒಂದು ಕೇಸರಿ ಬಣ್ಣದ ಬೆಕ್ಕು ಸಿಕ್ಕಿತು. ಬಾಬ್ ಎಂದು ಹೆಸರಾದ ಆ ಬೆಕ್ಕು ಅವರ ಹೆಗಲೇರಿ ಬಸ್ಸಿನಲ್ಲಿ ಓಡಾಡತೊಡಗಿತು. ಅವರ ಅನುಭವ ಪುಸ್ತಕವಾಗಿ, 2016ರಲ್ಲಿ ಚಿತ್ರವೂ ಆಯಿತು. ಪಾತ್ರಕ್ಕೆಂದು ಬೇರೆ ತರಬೇತಾದ ಬೆಕ್ಕುಗಳನ್ನು ತಂದಿದ್ದರೂ ಅನೇಕ ದೃಶ್ಯಗಳಲ್ಲಿ ಕಾಣುವುದು ಬಾಬ್ ತಾನೇ, ಏಕೆಂದರೆ ಜನಸಂದಣಿಯ ನಡುವೆ ಅದರಷ್ಟು ನಿರಾಳವಾಗಿ ಕುಳಿತಿರುವುದು ಉಳಿದವುಗಳಿಗೆ ಸುಲಭವಾಗಲಿಲ್ಲ. 2020ರ ನವೆಂಬರಿನಲ್ಲಿ ಬಂದ 'ಎ ಕ್ರಿಸ್‌ಮಸ್ ಗಿಫ್ಟ್ ಫ್ರಮ್ ಬಾಬ್' ಅದರ ಮುಂದುವರಿಕೆ. ಅದೇ ವರ್ಷದ ಜೂನಿನಲ್ಲಿ ಬಾಬ್ ತೀರಿಕೊಂಡಿದ್ದರಿಂದ, ತೆರೆಯ ಮೇಲೆ ಅದು ಸುಮ್ಮನೆ ಕುಳಿತು ಕಣ್ಣು ಮಿಟುಕಿಸುವ ಶಾಟ್‌ಗಳಿಗೂ ಬೇರೊಂದು ತೂಕ ಬಂದಿದೆ.

ಬೆಕ್ಕಿನ ಚಿತ್ರಗಳು ಕಡಿಮೆ ಇರುವುದಕ್ಕೆ ಕಾರಣ ನಿಮಗೇ ಗೊತ್ತಿದೆ. ನಾಯಿ ಹತ್ತನೆಯ ಟೇಕಿಗೂ ಉತ್ಸಾಹದಿಂದ ಸಿದ್ಧವಾಗುತ್ತದೆ. ಬೆಕ್ಕು ಹೊಟ್ಟೆ ತುಂಬಿದ ಕೂಡಲೇ ಆ ದಿನದ ಚಿತ್ರೀಕರಣ ಮುಗಿಯಿತೆಂದು ತಾನೇ ಘೋಷಿಸುತ್ತದೆ. ಈ ಒಂದು ಕಾರಣಕ್ಕಾಗಿ ನನಗೆ ಬೆಕ್ಕಿನ ಚಿತ್ರಗಳ ಮೇಲೆ ನಂಬಿಕೆ ಜಾಸ್ತಿ.

ಪ್ರಶ್ನೆ: ಚಿತ್ರಗಳಲ್ಲಿ ಸುರಿಯುವ ಹಿಮ ನಿಜವಾದದ್ದೇ? ಪ್ರಾಣಿಗಳು ಅದನ್ನು ನೆಕ್ಕಿದರೆ ತೊಂದರೆಯಿಲ್ಲವೇ?

ಉತ್ತರ: ಬಹುಪಾಲು ಹುಸಿ ಹಿಮ. ಹಿಂದೆ ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್ ಸುರಿಯುತ್ತಿದ್ದರು; ನಡೆದರೆ ಕರಕರ ಸದ್ದಾಗಿ ಮಾತುಗಳನ್ನೆಲ್ಲ ಮತ್ತೆ ಧ್ವನಿಮುದ್ರಿಸಬೇಕಾಗುತ್ತಿತ್ತು. 1930ರ ದಶಕದಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರನ್ನೂ (ಆಸ್ಬೆಸ್ಟಾಸ್) ಹಿಮವೆಂದು ಬಳಸಿದ್ದುಂಟು, ನೆನೆದರೆ ಈಗ ಮೈ ಜುಮ್ಮೆನ್ನುತ್ತದೆ. 1946ರ ಪ್ರಸಿದ್ಧ ಕ್ರಿಸ್‌ಮಸ್ ಚಿತ್ರವೊಂದಕ್ಕೆ ಬೆಂಕಿ ನಂದಿಸುವ ನೊರೆಗೆ ಸಾಬೂನು, ನೀರು ಬೆರೆಸಿ ಸದ್ದಿಲ್ಲದ ಹಿಮ ತಯಾರಿಸಿದರು. ಆ ಚಿತ್ರದ ಹಿಮರಾತ್ರಿಗಳನ್ನು ಬೇಸಿಗೆಯ ಸೆಖೆಯಲ್ಲಿ ಚಿತ್ರೀಕರಿಸಲಾಗಿತ್ತು. ಈಗ ಹೆಚ್ಚಾಗಿ ಬಳಸುವುದು ಕಾಗದದ ಚೂರುಗಳನ್ನು. ನೆಕ್ಕುವ ಅಪಾಯಕ್ಕಿಂತ ನನಗೆ ಹೆಚ್ಚು ಚಿಂತೆ ಸೆಖೆಯದು. ದಪ್ಪ ತುಪ್ಪಳದ ನಾಯಿ ಮೈ ತಂಪಾಗಿಸಿಕೊಳ್ಳುವುದು ಮುಖ್ಯವಾಗಿ ನಾಲಿಗೆ ಚಾಚಿ ಏದುಸಿರು ಬಿಡುವುದರಿಂದ. ಹಿಮದ ನಡುವೆ ನಿಂತ ನಾಯಿ ಬಾಯಿ ಅಗಲವಾಗಿ ತೆರೆದು ಏದುಸಿರು ಬಿಡುತ್ತಿದ್ದರೆ, ಅದರ ಬಾಯಿಂದ ಹಬೆಯೂ ಬಾರದಿದ್ದರೆ, ಆ ದೃಶ್ಯವನ್ನು ಬಿಸಿಲಿನಲ್ಲಿ ತೆಗೆದಿರುವ ಸಂಭವ ಹೆಚ್ಚು.

ಪ್ರಶ್ನೆ: ಸಾಂತಾ ಕ್ಲಾಸ್‌ನ ಗಾಡಿ ಎಳೆಯುವ ಹಿಮಸಾರಂಗಗಳು ಗಂಡೋ, ಹೆಣ್ಣೋ? ಮಗಳು ಕೇಳುತ್ತಿದ್ದಾಳೆ.

ಉತ್ತರ: ಹಿಮಸಾರಂಗಗಳಲ್ಲಿ ಹೆಣ್ಣಿಗೂ ಕೊಂಬುಂಟು. ಬೆಳೆದ ಗಂಡುಗಳ ಕೊಂಬು ಬೆದೆಯ ಕಾಲ ಮುಗಿದು ಚಳಿಗಾಲ ಬರುವಷ್ಟರಲ್ಲಿ ಉದುರಿಹೋಗುತ್ತದೆ. ಹೆಣ್ಣುಗಳ ಕೊಂಬು ವಸಂತದವರೆಗೆ ಉಳಿಯುತ್ತದೆ. ಡಿಸೆಂಬರ್ ಕೊನೆಯಲ್ಲಿ ದೊಡ್ಡ ಕೊಂಬು ಹೊತ್ತು ಗಾಡಿ ಎಳೆಯುತ್ತಿದ್ದರೆ ಅವು ಹೆಣ್ಣುಗಳು, ಇಲ್ಲವೇ ಬೀಜ ಒಡೆಸಿದ ಗಂಡುಗಳು. ಎರಡನೆಯ ಸಾಧ್ಯತೆಯನ್ನು ಮಗಳಿಗೆ ಹೇಳಬೇಕೋ ಬೇಡವೋ ನಿಮಗೆ ಬಿಟ್ಟದ್ದು.

ಪ್ರಶ್ನೆ: ಚಿತ್ರದ ಕೊನೆಯಲ್ಲಿ 'ಯಾವ ಪ್ರಾಣಿಗೂ ಹಿಂಸೆಯಾಗಿಲ್ಲ' ಎಂಬ ಸಾಲು ಬರುತ್ತದಲ್ಲ, ಅದನ್ನು ಎಷ್ಟರಮಟ್ಟಿಗೆ ನಂಬಬಹುದು?

ಉತ್ತರ: ಆ ಸಾಲಿನ ಹಿಂದೆ ಒಂದು ಕುದುರೆಯ ಸಾವಿದೆ. 1939ರಲ್ಲಿ ಬಂದ 'ಜೆಸ್ಸಿ ಜೇಮ್ಸ್' ಎಂಬ ಹಾಲಿವುಡ್ ಚಿತ್ರಕ್ಕಾಗಿ ಕುದುರೆಯೊಂದನ್ನು ಎತ್ತರದ ಬಂಡೆಯಿಂದ ನೀರಿಗೆ ಬೀಳಿಸಿದರು, ಅದು ಸತ್ತಿತು. ಜನರು ಕೆರಳಿದರು. ಅದರ ಮರುವರ್ಷವೇ, 1940ರಲ್ಲಿ, ಅಮೆರಿಕನ್ ಹ್ಯುಮೇನ್ ಎಂಬ ಪ್ರಾಣಿದಯಾ ಸಂಸ್ಥೆ ಚಿತ್ರೀಕರಣಗಳ ಮೇಲ್ವಿಚಾರಣೆಗೆ ತೊಡಗಿತು. ಬ್ರಿಟನ್ನಿನಲ್ಲಿ ಇದಕ್ಕೂ ಮೊದಲೇ, 1937ರಲ್ಲಿ, ಪ್ರಾಣಿಗಳಿಗೆ ಕ್ರೂರವಾಗಿ ನೋವುಂಟುಮಾಡಿ ತೆಗೆದ ದೃಶ್ಯಗಳ ಪ್ರದರ್ಶನವನ್ನೇ ನಿಷೇಧಿಸುವ ಕಾಯ್ದೆ ಬಂದಿತ್ತು. ಅಮೆರಿಕನ್ ಹ್ಯುಮೇನ್ ಪ್ರಮಾಣಪತ್ರವಾಗಿ ಕೊಡುವ, ನೀವು ಹೇಳಿದ ಸಾಲು ಚಿತ್ರದ ಕೊನೆಯಲ್ಲಿ ಮೊದಲು ಕಾಣಿಸಿಕೊಂಡದ್ದು 1972ರಲ್ಲಿ.

ಹಾಗಾಗಿ ಆ ಸಾಲು ಬರೀ ಅಲಂಕಾರವಲ್ಲ. ಆದರೆ ಅದರ ವ್ಯಾಪ್ತಿ ನಾವು ತಿಳಿದಷ್ಟು ದೊಡ್ಡದೂ ಅಲ್ಲ. ಮೇಲ್ವಿಚಾರಕರ ಕಣ್ಣು ಮುಖ್ಯವಾಗಿ ಇರುವುದು ಕ್ಯಾಮೆರಾ ಓಡುವ ಹೊತ್ತಿನ ಮೇಲೆ. ಪ್ರಾಣಿ ಎಲ್ಲಿಂದ ಬಂತು, ಅದನ್ನು ಹೇಗೆ ಪಳಗಿಸಿದರು, ಸೆಟ್ಟಿನಿಂದಾಚೆ ಎಂಥ ಗೂಡಿನಲ್ಲಿ ಇಟ್ಟಿದ್ದರು, ಕೆಲಸ ಮುಗಿದ ಮೇಲೆ ಅದರ ಗತಿಯೇನು ಎಂಬುದಕ್ಕೆಲ್ಲ ಆ ಒಂದು ಸಾಲು ಉತ್ತರಿಸುವುದಿಲ್ಲ. 2013ರಲ್ಲಿ ಹಾಲಿವುಡ್‌ನ ಪತ್ರಿಕೆಯೊಂದು ಈ ಪ್ರಮಾಣಪತ್ರದ ಬಿಗಿಯನ್ನೇ ಪ್ರಶ್ನಿಸಿ ದೀರ್ಘ ತನಿಖಾ ವರದಿ ಪ್ರಕಟಿಸಿತ್ತು.

ನನ್ನ ಸಲಹೆ, ಸಾಲಿಗಿಂತ ಮೊದಲು ಪ್ರಾಣಿಯನ್ನೇ ಓದಿ. ನಾಯಿ ನಿದ್ದೆಯಿಲ್ಲದೆ ಆಕಳಿಸುತ್ತಿದ್ದರೆ, ಎದುರಿಗೆ ತಿನಿಸಿಲ್ಲದಿದ್ದರೂ ಮೇಲಿಂದ ಮೇಲೆ ತುಟಿ ಸವರಿಕೊಳ್ಳುತ್ತಿದ್ದರೆ, ಕಿವಿ ಹಿಂದಕ್ಕೆ ಅಂಟಿಸಿ ಕಣ್ಣಿನ ಬಿಳಿ ಭಾಗ ಕಾಣುವಂತೆ ಓರೆಯಾಗಿ ನೋಡುತ್ತಿದ್ದರೆ ಅದಕ್ಕೆ ಅಲ್ಲಿರುವುದು ಇಷ್ಟವಿಲ್ಲ. ಹಳೆಯ ಹಾಸ್ಯಚಿತ್ರಗಳಲ್ಲಿ ಚಿಂಪಾಂಜಿ ಹಲ್ಲು ಕಿರಿದು 'ನಗುವ' ದೃಶ್ಯ ನಿಮಗೆ ನೆನಪಿರಬಹುದು. ಹಾಗೆ ಹಲ್ಲು ತೋರುವುದು ಆ ಜಾತಿಯಲ್ಲಿ ಬಹುಮಟ್ಟಿಗೆ ಭಯದ ಚಿಹ್ನೆ. ಅದು ತಿಳಿದ ಮೇಲೆ ಆ ನಗು ನೋಡಲು ನನ್ನಿಂದ ಆಗಿಲ್ಲ. ಕಾಡುಪ್ರಾಣಿಗಳನ್ನು ಪಳಗಿಸಿ ಕುಣಿಸುವ ಚಿತ್ರಗಳಿಗಿಂತ ಗ್ರಾಫಿಕ್ಸ್ ಎಷ್ಟೋ ಮೇಲು. 2020ರ 'ದ ಕಾಲ್ ಆಫ್ ದ ವೈಲ್ಡ್' ಚಿತ್ರದಲ್ಲಿ ಕಥಾನಾಯಕನಾದ ನಾಯಿ ಪೂರ್ತಿ ಕಂಪ್ಯೂಟರಿನ ಸೃಷ್ಟಿ. ಸೆಟ್ಟಿನಲ್ಲಿ ಅದರ ಜಾಗದಲ್ಲಿ ಟೆರಿ ನೋಟರಿ ಎಂಬ ನಟ ನಿಂತು, ಕೂತು, ತೆವಳಿ ಹ್ಯಾರಿಸನ್ ಫೋರ್ಡ್ ಅವರಿಗೆ ಜೊತೆ ಕೊಟ್ಟರು. ಹಿಂಸೆಯ ಪ್ರಶ್ನೆಯೇ ಇಲ್ಲ. ಆದರೆ ಆ ನಾಯಿ ಹುಬ್ಬು ಹಾರಿಸಿ, ಮನುಷ್ಯರಂತೆ ಮುಖ ಮಾಡಿ, ಎಲ್ಲವನ್ನೂ ಅರ್ಥ ಮಾಡಿಕೊಳ್ಳುವಾಗ, ಮನುಷ್ಯನಿಗಿಂತ ಭಿನ್ನವಾದ ಜೀವವೊಂದರ ಎದುರು ಕುಳಿತ ಅನುಭವ ನನಗೆ ತಪ್ಪಿಹೋಯಿತು. ಕಾಡಿನ ಪ್ರಾಣಿಗೆ ಗ್ರಾಫಿಕ್ಸ್, ಮನೆಯ ನಾಯಿ-ಬೆಕ್ಕಿಗೆ ತಾಳ್ಮೆಯುಳ್ಳ ತರಬೇತುದಾರ, ಇದು ಸದ್ಯಕ್ಕೆ ನನ್ನ ನಿಲುವು.

ಪ್ರಶ್ನೆ: 'ನಿಜ ಘಟನೆಯನ್ನು ಆಧರಿಸಿದ್ದು' ಎಂದು ಹಾಕುವ ಚಿತ್ರಗಳಲ್ಲಿ ನಿಜ ಎಷ್ಟಿರುತ್ತದೆ?

ಉತ್ತರ: ಎಲುಬು ನಿಜವಿರುತ್ತದೆ, ಮಾಂಸ ಚಿತ್ರತಂಡದ್ದು. ಜಪಾನಿನ ಹಾಚಿಕೊ ಎಂಬ ಅಕಿತಾ ತಳಿಯ ನಾಯಿಯ ಕಥೆ ನಿಮಗೆ ಗೊತ್ತಿರಬಹುದು. ಟೋಕಿಯೊದ ಶಿಬುಯಾ ರೈಲು ನಿಲ್ದಾಣದಲ್ಲಿ ತನ್ನ ಯಜಮಾನ ಪ್ರೊಫೆಸರ್ ಹಿದೆಸಾಬುರೊ ಉಯೆನೊ ಅವರಿಗಾಗಿ ಅದು ಕಾಯುತ್ತಿತ್ತು. 1925ರ ಮೇ ತಿಂಗಳಲ್ಲಿ ಅವರು ಹಠಾತ್ತನೆ ತೀರಿಕೊಂಡ ಮೇಲೂ, 1935ರ ಮಾರ್ಚಿನಲ್ಲಿ ತಾನು ಸಾಯುವವರೆಗೆ, ಹತ್ತಿರ ಹತ್ತಿರ ಹತ್ತು ವರ್ಷ ಅದು ಆ ನಿಲ್ದಾಣಕ್ಕೆ ಬರುತ್ತಲೇ ಇತ್ತು. ಇದರ ಮೇಲೆ 1987ರಲ್ಲಿ ಜಪಾನಿನಲ್ಲಿ, 2009ರಲ್ಲಿ ರಿಚರ್ಡ್ ಗೇರ್ ಅಭಿನಯದಲ್ಲಿ ಇಂಗ್ಲಿಷಿನಲ್ಲಿ ಚಿತ್ರಗಳು ಬಂದಿವೆ.

ಚಿತ್ರಗಳು ಮೆಲ್ಲಗೆ ದಾಟಿಸಿಬಿಡುವ ಒಂದು ಸಂಗತಿ ನನಗೆ ಉಳಿದೆಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಮೊದಲ ಕೆಲವು ವರ್ಷ ನಿಲ್ದಾಣದವರಿಗೆ ಹಾಚಿಕೊ ಕಾಲಡಿ ಸಿಕ್ಕುವ ಒಂದು ಬೀದಿನಾಯಿಯಾಗಿತ್ತು. ಅದನ್ನು ಗದರಿ ಓಡಿಸುತ್ತಿದ್ದರು, ಮಕ್ಕಳು ಪೀಡಿಸುತ್ತಿದ್ದರು. 1932ರಲ್ಲಿ ಪತ್ರಿಕೆಯಲ್ಲಿ ಅದರ ಬಗ್ಗೆ ಲೇಖನ ಬಂದ ಮೇಲೆ ಅದೇ ಜನ ಅದಕ್ಕೆ ತಿನಿಸು ತಂದುಕೊಟ್ಟರು, 1934ರಲ್ಲಿ ಪ್ರತಿಮೆ ನಿಲ್ಲಿಸಿದರು, ಅನಾವರಣಕ್ಕೆ ನಾಯಿಯನ್ನೂ ಕರೆತಂದರು. ಯುದ್ಧಕಾಲದಲ್ಲಿ ಲೋಹಕ್ಕಾಗಿ ಆ ಪ್ರತಿಮೆಯನ್ನು ಕರಗಿಸಿ, 1948ರಲ್ಲಿ ಹೊಸದನ್ನು ನಿಲ್ಲಿಸಿದರು. ನಾಯಿ ಮಾತ್ರ ಮೊದಲ ದಿನವೂ ಕೊನೆಯ ದಿನವೂ ಒಂದೇ ಕೆಲಸ ಮಾಡುತ್ತಿತ್ತು.

ಅಲಾಸ್ಕಾದ ಕಥೆಯೂ ಇಂಥದ್ದೇ. 1925ರ ಚಳಿಗಾಲದಲ್ಲಿ ನೋಮ್ ಪಟ್ಟಣಕ್ಕೆ ಗಂಟಲಮಾರಿಯ (ಡಿಫ್ತೀರಿಯಾ) ಔಷಧವನ್ನು ಸುಮಾರು 20 ಜನ, 150ರಷ್ಟು ನಾಯಿಗಳು ಎಳೆದ ಜಾರುಬಂಡಿಗಳಲ್ಲಿ, ಒಬ್ಬರಿಂದೊಬ್ಬರಿಗೆ ದಾಟಿಸುತ್ತ, ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಹಿಮದ ಹಾದಿಯಲ್ಲಿ ಆರು ದಿನದೊಳಗೆ ತಲುಪಿಸಿದರು. ಕೊನೆಯ ಹಂತದ ಮುಂದಾಳು ನಾಯಿ ಬಾಲ್ಟೋಗೆ ಅದೇ ವರ್ಷ ನ್ಯೂಯಾರ್ಕಿನಲ್ಲಿ ಪ್ರತಿಮೆಯಾಯಿತು, ಮುಂದೆ ಕಾರ್ಟೂನ್ ಚಿತ್ರವಾಯಿತು. ಎಲ್ಲಕ್ಕಿಂತ ಉದ್ದದ, ಅಪಾಯದ ಹಾದಿಯನ್ನು ಕ್ರಮಿಸಿದ ಟೋಗೋ ಎಂಬ ನಾಯಿಗೆ ತನ್ನದೇ ದೊಡ್ಡ ಚಿತ್ರ ಸಿಕ್ಕಿದ್ದು 2019ರ ಡಿಸೆಂಬರಿನಲ್ಲಿ. ಮುಗಿಸಿದವರಿಗೆ ಹೆಸರು ಬರುವುದು ನಾಯಿಗಳ ಲೋಕಕ್ಕೆ ಸೀಮಿತವಾದ ಪದ್ಧತಿಯಲ್ಲ ಬಿಡಿ.

ಪ್ರಶ್ನೆ: ಇಂಥ ಒಂದು ಚಿತ್ರ ನೋಡಿದಂದಿನಿಂದ ಎಂಟು ವರ್ಷದ ಮಗ ಅದೇ ಜಾತಿಯ ನಾಯಿಮರಿ ಬೇಕೆಂದು ಹಟ ಹಿಡಿದಿದ್ದಾನೆ. ಕ್ರಿಸ್‌ಮಸ್ ಉಡುಗೊರೆಯಾಗಿ ಕೊಡಿಸಬೇಕೆಂದಿದ್ದೇನೆ. ನಿಮ್ಮ ಅಭಿಪ್ರಾಯ?

ಉತ್ತರ: ರಜೆ ಮುಗಿಯುವವರೆಗೆ ಬೇಡ. ಬಣ್ಣದ ಡಬ್ಬಿಯಿಂದ ಮರಿ ಇಣುಕುವ ದೃಶ್ಯವನ್ನು ಚಿತ್ರಗಳು ನಮಗೆ ಎಷ್ಟು ಸಲ ತೋರಿಸಿವೆಯೆಂದರೆ, ಆ ಮರಿಗೆ ಆ ಡಬ್ಬಿಯಲ್ಲಿ ಹೇಗಾಗುತ್ತಿರಬಹುದೆಂದು ಯೋಚಿಸುವುದನ್ನೇ ಮರೆತಿದ್ದೇವೆ. ಮನೆತುಂಬ ನೆಂಟರು, ಗದ್ದಲ, ಹೊತ್ತಲ್ಲದ ಹೊತ್ತಿನಲ್ಲಿ ಊಟ. ತಾಯಿಯಿಂದ ಆಗಷ್ಟೇ ಅಗಲಿದ ಮರಿಗೆ ಇದಕ್ಕಿಂತ ಕೆಟ್ಟ ಮೊದಲ ವಾರ ಇರಲಾರದು. ಬ್ರಿಟನ್ನಿನ ನಾಯಿ ಸಂರಕ್ಷಣಾ ಸಂಸ್ಥೆಯೊಂದರಲ್ಲಿ ದುಡಿಯುತ್ತಿದ್ದ ಕ್ಲಾರಿಸ್ಸಾ ಬಾಲ್ಡ್‌ವಿನ್ ಅವರು 1978ರಲ್ಲಿ, ನಾಯಿ ಇರುವುದು ಬದುಕಿನುದ್ದಕ್ಕೂ, ಬರೀ ಕ್ರಿಸ್‌ಮಸ್‌ಗಲ್ಲ ಎಂಬ ಅರ್ಥದ ಘೋಷವಾಕ್ಯ ಬರೆದದ್ದು ಹಬ್ಬ ಕಳೆದ ಮೇಲೆ ಬೀದಿಗೆ ಬೀಳುತ್ತಿದ್ದ ಇಂಥ ಉಡುಗೊರೆಗಳನ್ನು ನೋಡಿಯೇ.

'ಅದೇ ಜಾತಿ' ಎಂಬ ಮಾತಿನ ಬಗ್ಗೆಯೂ ಸ್ವಲ್ಪ ಯೋಚಿಸಿ. ಅಮೆರಿಕದ ನಾಯಿ ನೋಂದಣಿಯ ದಾಖಲೆಗಳನ್ನು ಜಾಲಾಡಿದ ಸಂಶೋಧಕರು 2014ರಲ್ಲಿ, ನಾಯಿ ಪ್ರಮುಖ ಪಾತ್ರದಲ್ಲಿರುವ ಚಿತ್ರ ಬಂದ ಮೇಲೆ ಆ ತಳಿಯ ಬೇಡಿಕೆ ಏರುವುದನ್ನೂ, ಆ ಪ್ರಭಾವ ಕೆಲವೊಮ್ಮೆ 10 ವರ್ಷದವರೆಗೆ ಉಳಿಯುವುದನ್ನೂ ಗುರುತಿಸಿದರು. ಬೇಡಿಕೆ ಏರಿದಲ್ಲಿ ಮರಿ ಹಾಕಿಸುವ ದಂಧೆಯೂ ಏರುತ್ತದೆ, ಒಂದೇ ರಕ್ತದೊಳಗೆ ಕೂಡಿಸುವುದೂ ಹೆಚ್ಚುತ್ತದೆ. 2022ರಲ್ಲಿ ಬಂದ ನಮ್ಮ '777 ಚಾರ್ಲಿ' ಈ ಕಹಿಯನ್ನು ಕಥೆಯೊಳಗೇ ತಂದಿತ್ತು. ಅದರ ನಾಯಿ ತಪ್ಪಿಸಿಕೊಂಡು ಬಂದದ್ದು ಅಂಥ ದಂಧೆಯವನ ಕೈಯಿಂದಲೇ. ಆ ಚಿತ್ರ ನೋಡಿ ಅತ್ತವರಲ್ಲಿ ಕೆಲವರು ಮರುದಿನವೇ ಲ್ಯಾಬ್ರಡಾರ್ ಮರಿಯ ಬೆಲೆ ವಿಚಾರಿಸಿರಲಾರರು ಎಂದು ಹೇಳುವ ಧೈರ್ಯ ನನಗಿಲ್ಲ.

ಮಗನಿಗೆ ಸುಮ್ಮನೆ 'ಇಲ್ಲ' ಎನ್ನಬೇಡಿ, ಅವನ ಜೊತೆ ಲೆಕ್ಕ ಹಾಕಿ. ನಾಯಿ ಸಾಮಾನ್ಯವಾಗಿ ಹತ್ತರಿಂದ ಹದಿಮೂರು ವರ್ಷ ಬದುಕುತ್ತದೆ. ಇಂದು ಎಂಟರ ಹುಡುಗ ಆಗ ಇಪ್ಪತ್ತರ ಆಸುಪಾಸಿನಲ್ಲಿರುತ್ತಾನೆ, ಬಹುಶಃ ಮನೆಯಲ್ಲೂ ಇರುವುದಿಲ್ಲ. ಮುದಿ ನಾಯಿಗೆ ಔಷಧ ಕುಡಿಸುವವರು ನೀವು. ಅದಕ್ಕೆ ಮನಸ್ಸು ಒಪ್ಪಿದರೆ, ಶಾಲೆ ಶುರುವಾಗಿ ದಿನಚರಿ ಮಾಮೂಲಿಗೆ ಬಂದ ಮೇಲೆ, ಪ್ರಾಣಿರಕ್ಷಣಾ ಕೇಂದ್ರವೊಂದಕ್ಕೆ ಅವನನ್ನು ಎರಡು ಮೂರು ಸಲ ಕರೆದೊಯ್ಯಿರಿ. ಮೊದಲ ಸಲ ಅವನು ನಾಯಿಯನ್ನು ಆರಿಸಲು ನೋಡುತ್ತಾನೆ. ಮೂರನೆಯ ಸಲದ ಹೊತ್ತಿಗೆ ಯಾವುದೋ ಒಂದು ನಾಯಿ ಅವನನ್ನು ಆರಿಸಿಕೊಂಡಿರುತ್ತದೆ, ಅದು ಚಿತ್ರದಲ್ಲಿದ್ದ ಜಾತಿಯದ್ದಾಗಿರುವ ಸಂಭವ ಕಡಿಮೆ.

ಪ್ರಶ್ನೆ: ಹಬ್ಬದ ದಿನ ನಗಲೆಂದು ಕೂತರೆ ಕೊನೆಗೆ ನಾಯಿಯನ್ನು ಸಾಯಿಸಿಬಿಡುತ್ತಾರೆ. ಮಕ್ಕಳ ಮುಂದೆ ಇದು ಬೇಕಿತ್ತೇ? ಮೊದಲೇ ತಿಳಿಯುವ ದಾರಿಯಿದೆಯೇ?

ಉತ್ತರ: ದಾರಿಯಿದೆ. ಚಿತ್ರದಲ್ಲಿ ನಾಯಿ ಸಾಯುತ್ತದೆಯೇ ಇಲ್ಲವೇ ಎಂಬ ಒಂದೇ ಪ್ರಶ್ನೆಗೆ ಉತ್ತರಿಸಲೆಂದು ಹುಟ್ಟಿದ 'ಡಸ್ ದ ಡಾಗ್ ಡೈ' ಎಂಬ ಜಾಲತಾಣವೇ ಇದೆ. ಮೇಲೆ ಹೇಳಿದ 22 ನಾಯಿಗಳ ಚಿತ್ರ ನಗೆಚಿತ್ರದ ವೇಷದಲ್ಲಿ ಬಂದು ಎಷ್ಟೋ ಮನೆಗಳ ಕ್ರಿಸ್‌ಮಸ್ ಸಂಜೆಯನ್ನು ಕಣ್ಣೀರಿನಲ್ಲಿ ಮುಳುಗಿಸಿದ ಚಿತ್ರ. ಮುನ್ನೆಚ್ಚರಿಕೆ ಕೊಡದಿದ್ದದ್ದು ತಪ್ಪೆಂದು ನಾನೂ ಒಪ್ಪುತ್ತೇನೆ. ಆದರೆ ಸಾವನ್ನೇ ತೆಗೆದುಹಾಕಬೇಕೆಂಬ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಅನೇಕ ಮಕ್ಕಳು ಮೊದಲು ಕಾಣುವ ಸಾವು ಸಾಕುಪ್ರಾಣಿಯದ್ದೇ. ಆ ದೃಶ್ಯ ಬಂದಾಗ ಟಿ.ವಿ. ಆರಿಸಬೇಡಿ, ಪಕ್ಕದಲ್ಲಿ ಕುಳಿತಿರಿ. ಐದು ವರ್ಷದ ಒಳಗಿನವರಿದ್ದರೆ ಮಾತ್ರ ಬೇರೆ ಚಿತ್ರ ಹಾಕಿ.

ಪ್ರಶ್ನೆ: ಚಿತ್ರ ಮುಗಿದ ಮೇಲೆ ಆ ನಾಯಿ ಎಲ್ಲಿಗೆ ಹೋಗುತ್ತದೆ? (ಇದು ನಾಲ್ಕನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳ ಪತ್ರ.)

ಉತ್ತರ: ಪುಟ್ಟೀ, ಈ ಸಲದ ಪತ್ರಗಳಲ್ಲಿ ನನಗೆ ಬಹಳ ಹಿಡಿಸಿದ ಪ್ರಶ್ನೆ ನಿನ್ನದು. ಹೆಚ್ಚಿನ ನಾಯಿಗಳು ತಮ್ಮ ತರಬೇತುದಾರರ ಮನೆಗೇ ಹೋಗುತ್ತವೆ. ಒಂದು ನಾಯಿಯ ಕಥೆ ಹೇಳುತ್ತೇನೆ ಕೇಳು. ಅಮೆರಿಕದಲ್ಲಿ ಪಾಲ್ ಎಂಬ ಕೋಲಿ ಜಾತಿಯ ಗಂಡು ನಾಯಿಯಿತ್ತು. ಅದಕ್ಕೆ ಮೋಟಾರ್‌ಸೈಕಲ್ ಕಂಡರೆ ಅಟ್ಟಿಸಿಕೊಂಡು ಓಡುವ ಚಾಳಿ. ಅದನ್ನು ಬಿಡಿಸಲೆಂದು ಮಾಲೀಕ ಅದನ್ನು ರಡ್ ವೆದರ್‌ವ್ಯಾಕ್ಸ್ ಎಂಬ ತರಬೇತುದಾರರ ಬಳಿ ತಂದುಬಿಟ್ಟ. ಆಮೇಲೆ ನಾಯಿ ಅವರ ಪಾಲಿಗೇ ಉಳಿಯಿತು. 1943ರಲ್ಲಿ ಬಂದ 'ಲ್ಯಾಸಿ ಕಮ್ ಹೋಮ್' ಚಿತ್ರದಲ್ಲಿ ಲ್ಯಾಸಿ ಎಂಬ ಹೆಣ್ಣು ನಾಯಿಯ ಪಾತ್ರ ಮಾಡಿ ಲೋಕವೆಲ್ಲ ಹೆಸರಾದದ್ದು ಈ ಪಾಲ್. ಚಾಳಿ ಮಾತ್ರ ಕೊನೆಯವರೆಗೂ ಬಿಡಲಿಲ್ಲವಂತೆ.

ಮುಂದೆ ಲ್ಯಾಸಿಯ ಕಥೆ ಟಿ.ವಿ.ಯಲ್ಲಿ ಧಾರಾವಾಹಿಯಾದಾಗ ಪಾಲ್‌ಗೆ ವಯಸ್ಸಾಗಿತ್ತು. ಪಾತ್ರ ಅದರ ಮಗನಿಗೆ ಹೋಯಿತು. ಆದರೂ ಪಾಲ್ ಸೆಟ್ಟಿಗೆ ಬಂದು ಹಿಂಭಾಗದಲ್ಲಿ ತನ್ನ ಹಾಸಿಗೆಯ ಮೇಲೆ ಮಲಗಿರುತ್ತಿತ್ತು. ಮುಂದುಗಡೆ ವೆದರ್‌ವ್ಯಾಕ್ಸ್ ಅವರು ಮಗನಿಗೆ 'ಏಳು', 'ಬಾ', 'ಮಲಗು' ಎಂದು ಹೇಳಿದಾಗಲೆಲ್ಲ, ಯಾರೂ ನೋಡದ ಆ ಮೂಲೆಯಲ್ಲಿ ಮುದಿ ಪಾಲ್ ಎದ್ದು, ಹೇಳಿದ್ದನ್ನೆಲ್ಲ ತಾನೂ ಮಾಡುತ್ತಿತ್ತು.